ಅಪಾರ್ಟ್‌ಮೆಂಟಿಗೆ ಫೈಬರ್ ಇಂಟರ್ನೆಟ್: ಸ್ಪೀಡ್ ಆಮೇಲೆ, ಮೊದಲು ಶಾಫ್ಟ್ ನೋಡಿ

ಮನೆಗೆ ಹೊಸ ನೆಟ್ ಹಾಕಿಸಬೇಕು ಅಂದಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ. ಮೂರ್ನಾಲ್ಕು ಕಂಪನಿಗಳ ಪ್ಲಾನ್ ಪಕ್ಕಪಕ್ಕ ಇಟ್ಟು, ಯಾವುದರಲ್ಲಿ ಎಂಬಿಪಿಎಸ್ ಜಾಸ್ತಿ, ಯಾವುದರಲ್ಲಿ ದುಡ್ಡು ಕಡಿಮೆ ಅಂತ ನೋಡುವುದು. ನಾನೂ ಹಾಗೇ ಮಾಡಿ ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ.

ಬಿಡಿ ಮನೆಯಾದರೆ ಬೀದಿಯಿಂದ ವೈರ್ ನೇರ ನಿಮ್ಮ ಗೋಡೆಗೆ ಬರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಹಾಗಲ್ಲ. ಬೀದಿಯಿಂದ ಕಟ್ಟಡಕ್ಕೆ, ಕಟ್ಟಡದಿಂದ ಶಾಫ್ಟಿಗೆ (ಮಹಡಿಯಿಂದ ಮಹಡಿಗೆ ಪೈಪು, ವೈರ್ ಹಾಯಿಸಲು ಬಿಟ್ಟ ಗೂಡು), ಶಾಫ್ಟಿನಿಂದ ನಿಮ್ಮ ಬಾಗಿಲಿಗೆ. ದಾರಿಯಲ್ಲಿ ಮೂರು ಕಡೆ ಜೋಡಣೆ, ಮೂರು ಕಡೆ ಬೇರೆ ಬೇರೆಯವರ ಕೈ. ಕಂಪನಿ ಎಷ್ಟೇ ದೊಡ್ಡದಿರಲಿ, ಆ ಕೊನೆಯ ತುಂಡು ಕೆಟ್ಟಿದ್ದರೆ ನಿಮ್ಮ ಪಾಲಿಗೆ ನೆಟ್ ಕೆಟ್ಟದ್ದೇ. ಅದಕ್ಕೇ ಪ್ಲಾನ್ ಪಟ್ಟಿ ಪಕ್ಕಕ್ಕಿಡಿ. ಮೊದಲು ನಿಮ್ಮ ಮಹಡಿಯ ಶಾಫ್ಟ್ ಬಾಗಿಲು ತೆಗೆಸಿ ನೋಡಿ.

ಬಾಗಿಲವರೆಗೆ ಬರುವುದು ಯಾವ ವೈರ್?

ಶಾಫ್ಟಿನಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ಕಾಣುತ್ತದೆ. ಒಂದು, ದೀಪ ಗೀಪ ಏನೂ ಇಲ್ಲದ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅದರಿಂದ ಹೊರಟ ತೆಳ್ಳನೆಯ ಕೇಬಲ್, ತುದಿಯಲ್ಲಿ ಹಸಿರು ತಲೆಯ ಕನೆಕ್ಟರ್. ಇನ್ನೊಂದು, ದೀಪಗಳು ಮಿನುಗುತ್ತಿರುವ ಒಂದು ಸ್ವಿಚ್ (ಒಂದು ಲೈನನ್ನು ಹಲವು ಮನೆಗೆ ಹಂಚುವ ನೆಟ್‌ವರ್ಕ್ ಡಬ್ಬಿ), ಅದರಿಂದ ಪ್ರತಿ ಮನೆಗೂ ಹೋದ ದಪ್ಪ ಲ್ಯಾನ್ ಕೇಬಲ್. ಮೊದಲನೆಯದರಲ್ಲಿ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ, ನಿಮ್ಮ ಮನೆಯೊಳಗೇ ಬರುತ್ತದೆ. ಎರಡನೆಯದರಲ್ಲಿ ಫೈಬರ್ ಕಟ್ಟಡದವರೆಗೆ ಮಾತ್ರ. ಅಲ್ಲಿಂದ ಮುಂದೆ ತಾಮ್ರ. ಜಾಹೀರಾತಿನಲ್ಲಿ ಮಾತ್ರ ಎರಡಕ್ಕೂ ಹೆಸರು ಫೈಬರ್ರೇ.

ಲ್ಯಾನ್ ಕೇಬಲ್ ಅಂದಕೂಡಲೇ ಮೂಗು ಮುರಿಯಬೇಕಿಲ್ಲ. ಒಳ್ಳೆಯ ಕ್ಯಾಟ್-5ಇ ಕೇಬಲ್ 100 ಮೀಟರ್‌ವರೆಗೆ 1 ಜಿಬಿಪಿಎಸ್ (ಅಂದರೆ 1000 ಎಂಬಿಪಿಎಸ್) ಆರಾಮಾಗಿ ಸಾಗಿಸುತ್ತದೆ. ತೊಂದರೆ ಇರುವುದು ಅದನ್ನು ಎಳೆದ ರೀತಿಯಲ್ಲಿ. ಹಿಂದೊಮ್ಮೆ ನಾನು 300 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡಿದ್ದೆ. ಯಾವಾಗ ಅಳೆದರೂ 94. ಬೆಳಗ್ಗೆ 94, ಸಂಜೆ 94, ನಡುರಾತ್ರಿ ಎದ್ದು ನೋಡಿದರೂ 94. ಕಸ್ಟಮರ್ ಕೇರ್‌ನವರು ಹದಿನೈದು ದಿನ ರೌಟರ್ ರೀಸ್ಟಾರ್ಟ್ ಮಾಡಿಸಿದರು. ಕೊನೆಗೆ ನಾನೇ ಪ್ಲಗ್ ಕಿತ್ತು ಬೆಳಕಿಗೆ ಹಿಡಿದೆ. ಎಂಟು ಎಳೆ ಇರಬೇಕಾದ ಕಡೆ ನಾಲ್ಕೇ ಎಳೆ ಕೂರಿಸಿದ್ದರು. ನಾಲ್ಕು ಎಳೆಯಲ್ಲಿ 100 ಎಂಬಿಪಿಎಸ್ ಲಿಂಕ್ ಮಾತ್ರ ಸಾಧ್ಯ, ಅದರಲ್ಲಿ ಕೈಗೆ ಸಿಗುವುದು ಹೆಚ್ಚುಕಡಿಮೆ 94. ಗಿಗಾಬಿಟ್‌ಗೆ ಎಂಟೂ ಬೇಕು. ಅವತ್ತಿನಿಂದ ನನಗೊಂದು ಲೆಕ್ಕ: ಸ್ಪೀಡ್ ಹೊತ್ತಿಗೊಂದು ತರ ಕುಣಿಯುತ್ತಿದ್ದರೆ ಮೇಲೆಲ್ಲೋ ಜನ ಜಾಸ್ತಿ, ಒಂದೇ ನಂಬರಿಗೆ ಗಂಟು ಹಾಕಿಕೊಂಡು ನಿಂತಿದ್ದರೆ ವೈರ್ ನೋಡಬೇಕು.

ಎರಡಕ್ಕೂ ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಅದನ್ನು ಯಾವ ಸೇಲ್ಸ್‌ನವನೂ ಹೇಳುವುದಿಲ್ಲ. ಕರೆಂಟ್. ಫೈಬರ್ ಮನೆಯೊಳಗೆ ಬರುವ, ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಜಿಪಾನ್ ಅನ್ನುವ ವ್ಯವಸ್ಥೆಯಲ್ಲಿ, ಕಂಪನಿಯ ಆಫೀಸಿನಿಂದ ನಿಮ್ಮ ಮನೆಯವರೆಗೆ ದಾರಿಯಲ್ಲಿರುವ ಸ್ಪ್ಲಿಟರ್‌ಗಳಿಗೆ ವಿದ್ಯುತ್ ಬೇಕೇ ಇಲ್ಲ. ಗಾಜಿನೊಳಗೆ ಬೆಳಕು ಒಡೆದು ಹಂಚಿಹೋಗುತ್ತದೆ, ಅಷ್ಟೇ. ಹಾಗಾಗಿ ಕರೆಂಟ್ ಹೋದಾಗ ನಿಮ್ಮ ಒಎನ್‌ಟಿ ಡಬ್ಬಿಗೂ (ಫೈಬರ್ ಬಂದು ಸೇರುವ, ಕಂಪನಿ ಕೊಡುವ ಡಬ್ಬಿ) ರೌಟರ್‌ಗೂ ಒಂದು ಚಿಕ್ಕ ಯುಪಿಎಸ್ ಇಟ್ಟರೆ ಸಾಕು, ನೆಟ್ ಓಡುತ್ತಿರುತ್ತದೆ. ಶಾಫ್ಟಿನಲ್ಲಿ ಸ್ವಿಚ್ ಇರುವ ಕಡೆ ಹಾಗಾಗುವುದಿಲ್ಲ. ನಿಮ್ಮ ಮನೆಯಲ್ಲಿ ಎಷ್ಟು ಬ್ಯಾಟರಿ ಇದ್ದರೂ ಆ ಸ್ವಿಚ್ ಸತ್ತರೆ ಇಡೀ ಕಟ್ಟಡದ ನೆಟ್ ಹೋಯಿತು. ಆ ಸ್ವಿಚ್‌ಗೆ ಬ್ಯಾಕಪ್ ಇದೆಯಾ, ಅದರ ಪ್ಲಗ್ ಯಾವ ಲೈನಿನಲ್ಲಿದೆ ಅಂತ ಕಟ್ಟಡದ ಎಲೆಕ್ಟ್ರಿಷಿಯನ್‌ನ ಕೇಳಿ. ಕಂಪನಿಯವರಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹಳೆಯ ಕಟ್ಟಡಗಳಲ್ಲಿ ಟಿವಿ ಕೇಬಲ್ ಮೇಲೆ ಬರುವ ಇಂಟರ್ನೆಟ್ಟೂ ಇರುತ್ತದೆ. ಡೌನ್‌ಲೋಡ್ ಪರವಾಗಿಲ್ಲ, ಅಪ್‌ಲೋಡ್ ಮಾತ್ರ ಅದರ ಒಂದು ಚೂರು ಇರುತ್ತದೆ. ಫೈಬರ್ ಸಿಗುವ ಕಡೆ ಅದನ್ನು ಆರಿಸಲು ನನಗೆ ಕಾರಣ ಕಾಣುವುದಿಲ್ಲ. ಗೋಡೆ ಕೊರೆಯಲು ಮಾಲೀಕರು ಬಿಡದ ಬಾಡಿಗೆ ಮನೆಯಾದರೆ 5ಜಿ ಹೋಮ್ ಇಂಟರ್ನೆಟ್ ಒಂದು ದಾರಿ. ಆದರೆ ಸಂಜೆ ಹೊತ್ತು ಅದರ ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಉತ್ತರ ವಾಪಸ್ ಬರಲು ಹಿಡಿಯುವ ಹೊತ್ತು, ಏರಿಳಿಯುತ್ತದೆ. ನನ್ನ ಮಟ್ಟಿಗೆ ಅದು ಸ್ಟೆಪ್ನಿ ಚಕ್ರ, ದಿನಾ ಓಡಿಸುವ ಚಕ್ರ ಅಲ್ಲ.

ದೊಡ್ಡ ಕಂಪನಿಯಾ, ಸಣ್ಣ ಆಪರೇಟರಾ?

ಇಲ್ಲಿ ಜಗಳ ಜಾಸ್ತಿ. ದೊಡ್ಡ ಕಂಪನಿಗೆ ಸ್ವಂತ ಜಾಲ ಇರುತ್ತದೆ, ಹೊರಗಿನ ಲಿಂಕ್ ದಪ್ಪ ಇರುತ್ತದೆ, ಆ್ಯಪ್ ಚೆನ್ನಾಗಿರುತ್ತದೆ. ಆದರೆ ಕಂಪ್ಲೇಂಟ್ ಕೊಟ್ಟರೆ ಒಂದು ಟಿಕೆಟ್ ನಂಬರ್ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಸಣ್ಣ ಆಪರೇಟರ್ ಹತ್ತಿರ ಆ್ಯಪ್ ಇಲ್ಲದಿರಬಹುದು, ಆದರೆ ವೈರ್ ಎಳೆದ ಹುಡುಗನ ನಂಬರ್ ನಿಮ್ಮ ಫೋನಿನಲ್ಲಿರುತ್ತದೆ. ಅವನ ಸಮಸ್ಯೆ ಬೇರೆ. ಮೇಲಿನವರಿಂದ ಕೊಂಡ ಬ್ಯಾಂಡ್‌ವಿಡ್ತ್‌ನಲ್ಲಿ ಜಿಪುಣತನ ಮಾಡಿದ್ದರೆ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಎಲ್ಲರ ಮನೆಯಲ್ಲೂ ವಿಡಿಯೊ ಸುತ್ತುತ್ತಿರುತ್ತದೆ.

ಇವರಿಬ್ಬರಲ್ಲಿ ಯಾರು ಅಂತ ಜಾಹೀರಾತು ನೋಡಿ ತೀರ್ಮಾನಿಸಲಾಗದು. ಅಕ್ಕಪಕ್ಕದವರನ್ನೇ ಕೇಳಬೇಕು. ಆದರೆ ಸರಿಯಾದ ಪ್ರಶ್ನೆ ಕೇಳಿ. "ನಿಮ್ಮ ನೆಟ್ ಹೇಗಿದೆ?" ಅಂದರೆ ಎಲ್ಲರೂ "ಪರವಾಗಿಲ್ಲ" ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. "ಕೊನೆಯ ಸಲ ಹೋಗಿದ್ದು ಯಾವಾಗ? ಎಷ್ಟು ಹೊತ್ತಿಗೆ ವಾಪಸ್ ಬಂತು? ಯಾರಿಗೆ ಫೋನ್ ಮಾಡಿದ್ರಿ?" ಅಂತ ಕೇಳಿ. ನೆಟ್ ಎಲ್ಲರದ್ದೂ ಹೋಗುತ್ತದೆ. ಎರಡು ಗಂಟೆಯಲ್ಲಿ ಬರುವುದಕ್ಕೂ ಎರಡು ದಿನದಲ್ಲಿ ಬರುವುದಕ್ಕೂ ಇರುವ ಅಂತರವೇ ನೀವು ನಿಜವಾಗಿ ದುಡ್ಡು ಕೊಟ್ಟು ಕೊಳ್ಳುವ ವಸ್ತು. ಕೇಳುವುದಾದರೆ ನಿಮ್ಮದೇ ಶಾಫ್ಟಿನ ಮೇಲಿನ ಕೆಳಗಿನ ಮನೆಯವರನ್ನು ಕೇಳಿ. ಪಕ್ಕದ ಬ್ಲಾಕಿನಲ್ಲಿ ಚೆನ್ನಾಗಿದೆ ಅನ್ನುವುದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಗುಟ್ಟು. ಗೇಟಿನಲ್ಲಿ ಬಂದುಹೋಗುವವರ ಹೆಸರು ಬರೆಸಿಕೊಳ್ಳುವ ಪುಸ್ತಕ ಇದ್ದರೆ, ಕಾವಲಿನವರನ್ನು ಮಾತಾಡಿಸಿ. ಯಾವ ಕಂಪನಿಯ ಹುಡುಗರು ವಾರಕ್ಕೆ ಮೂರು ಸಲ ಏಣಿ ಹಿಡಿದು ಬರುತ್ತಾರೆ, ಯಾವ ಕಂಪನಿಯವರು ಹೊಸ ಕನೆಕ್ಷನ್‌ಗೆ ಬಿಟ್ಟರೆ ಮುಖ ತೋರಿಸುವುದಿಲ್ಲ ಅನ್ನುವುದು ಅವರಿಗೆ ಬಾಯಿಪಾಠ.

ಕೆಲವು ಕಟ್ಟಡಗಳಲ್ಲಿ ನಿವಾಸಿಗಳ ಸಂಘವೇ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಎಲ್ಲರಿಗೂ ಕಡಿಮೆ ದರ ಕೊಡಿಸುತ್ತದೆ. ಚೆನ್ನಾಗಿಯೇ ಇರಬಹುದು. ಆದರೆ ಬೇರೆ ಕಂಪನಿಗೆ ಶಾಫ್ಟಿನೊಳಗೆ ಬರಲು ಅನುಮತಿ ಇದೆಯಾ ಅಂತ ಮೊದಲೇ ಕೇಳಿಡಿ. ಬಿಟ್ಟು ಹೋಗಲು ದಾರಿಯೇ ಇಲ್ಲದ ಗಿರಾಕಿಯನ್ನು ಯಾರೂ ಓಲೈಸುವುದಿಲ್ಲ ಅಲ್ವಾ.

ಎರಡು ಕಂಪನಿ ಇಟ್ಟುಕೊಂಡರೆ ಸೇಫ್ ಅನ್ನುವವರಿಗೂ ಒಂದು ಮಾತು. ನನ್ನ ಎರಡನೆಯ ಪೆಟ್ಟು ಅದೇ. ಬ್ಯಾಕಪ್‌ಗೆ ಅಂತ ಇನ್ನೊಂದು ಫೈಬರ್ ಹಾಕಿಸಿದ್ದೆ. ಒಂದು ದಿನ ರಸ್ತೆ ಅಗೆಯುವ ಯಂತ್ರ ಬಂತು. ಎರಡೂ ಒಂದೇ ನಿಮಿಷಕ್ಕೆ ಸತ್ತವು. ಆಮೇಲೆ ನೋಡಿದರೆ ಎರಡೂ ಕಂಪನಿಯ ಕೇಬಲ್ ಒಂದೇ ಪೈಪಿನೊಳಗೆ ಬಂದಿದ್ದವು. ಬ್ಯಾಕಪ್ ಬೇಕಿದ್ದರೆ ದಾರಿಯೇ ಬೇರೆ ಇರುವುದನ್ನು ತೆಗೆದುಕೊಳ್ಳಿ. ಹೆಚ್ಚಿನವರಿಗೆ ಮೊಬೈಲ್ ಹಾಟ್‌ಸ್ಪಾಟ್ ಸಾಕು.

ಇಷ್ಟಾದ ಮೇಲೆ ಸ್ಪೀಡ್

ಪ್ಲಾನಿನಲ್ಲಿರುವುದು ಎಂಬಿಪಿಎಸ್, ಅಂದರೆ ಮೆಗಾಬಿಟ್. ನಿಮ್ಮ ಫೈಲ್ ಇರುವುದು ಮೆಗಾಬೈಟ್‌ನಲ್ಲಿ. ಎಂಟರಿಂದ ಭಾಗಿಸಬೇಕು. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಮೋಸ ಅಂತ ಕೂಗಾಡುವವರಲ್ಲಿ ಅರ್ಧ ಜನ ಈ ಲೆಕ್ಕದಲ್ಲೇ ಎಡವಿರುತ್ತಾರೆ.

ಎಷ್ಟು ಬೇಕು? ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ 4ಕೆ ವಿಡಿಯೊಗೆ 15 ಎಂಬಿಪಿಎಸ್ ಸಾಕು, ಫುಲ್ ಎಚ್‌ಡಿಗೆ 5. ವಿಡಿಯೊ ಕಾಲ್‌ಗೆ ಒಬ್ಬರಿಗೆ ನಾಲ್ಕರ ಆಸುಪಾಸು. ನಾಲ್ಕು ಜನರ ಮನೆಯಲ್ಲಿ ಎರಡು ಟಿವಿ, ಎರಡು ಕಾಲ್ ಒಟ್ಟಿಗೆ ಓಡಿದರೂ 50 ದಾಟುವುದು ಕಷ್ಟ. ಹಾಗಾಗಿ 100ರಿಂದ 200ರ ಪ್ಲಾನ್ ಹೆಚ್ಚಿನ ಮನೆಗಳಿಗೆ ಧಾರಾಳವಾಯಿತು. ದೊಡ್ಡ ಗೇಮ್‌ಗಳನ್ನು ಪದೇ ಪದೇ ಇಳಿಸಿಕೊಳ್ಳುವವರು, ವಿಡಿಯೊ ಎಡಿಟಿಂಗ್ ಕೆಲಸದವರು ಮೇಲಕ್ಕೆ ಹೋಗಲಿ. ಉಳಿದವರು 1 ಜಿಬಿಪಿಎಸ್ ತೆಗೆದುಕೊಂಡು ಮಲಗುವ ಕೋಣೆಯ ವೈ-ಫೈನಲ್ಲಿ 40 ಅಳೆಯುವುದು ಸುಮ್ನೆ ದುಡ್ಡು ದಂಡ.

ನಾನು ಜಾಸ್ತಿ ನೋಡುವುದು ಅಪ್‌ಲೋಡ್. ಪಟ್ಟಿಯಲ್ಲಿ ದೊಡ್ಡದಾಗಿ 200 ಅಂತ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಅಪ್‌ಲೋಡ್ 20 ಅಂತ ಹಾಕಿರುತ್ತಾರೆ. ಫೋನಿನ 40 ಜಿಬಿ ಫೋಟೊ, ವಿಡಿಯೊ ಬ್ಯಾಕಪ್‌ಗೆ ಹಾಕಿದಿರಿ ಅನ್ನಿ. 20 ಎಂಬಿಪಿಎಸ್‌ನಲ್ಲಿ ನಾಲ್ಕೂವರೆ ಗಂಟೆ ಹಿಡಿಯುತ್ತದೆ. 100ರಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಆ ನಾಲ್ಕೂವರೆ ಗಂಟೆ ಮನೆಯವರ ಮೀಟಿಂಗ್‌ಗಳೆಲ್ಲ ಕಡಿದು ಕಡಿದು ಬರುತ್ತಿರುತ್ತವೆ. ಡೌನ್‌ಲೋಡ್ 200, ಅಪ್‌ಲೋಡ್ 20 ಅನ್ನುವ ಪ್ಲಾನಿಗಿಂತ, ಎರಡೂ ಕಡೆ 100 ಇರುವ ಪ್ಲಾನನ್ನು ನಾನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ.

ಸ್ಪೀಡ್ ಇದ್ದೂ ಕಾಲ್ ಕಡಿಯುತ್ತದೆ ಅಂದರೆ ಪಿಂಗ್ ನೋಡಬೇಕು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ದೂರದ ಸರ್ವರ್‌ಗೆ ಹೋಗಿ ಬರಲು ಗಾಜಿನಲ್ಲಿ ಹಿಡಿಯುವುದು 10 ಮಿಲಿಸೆಕೆಂಡ್ ಅಷ್ಟೇ. ಅದರ ಮೇಲೆ ಬರುವುದೆಲ್ಲ ಸುತ್ತು ಬಳಸಿ ಹೋಗುವ ದಾರಿ ಮತ್ತು ನಡುವೆ ಡೇಟಾ ಸರದಿಗೆ ಕಾಯುವ ಕ್ಯೂ. ಪಕ್ಕದ ಮನೆಯವರ ಅನುಮತಿ ಕೇಳಿ ಒಂದು ಪರೀಕ್ಷೆ ಮಾಡಿ. ರಾತ್ರಿ ಒಂಬತ್ತಕ್ಕೆ ಅವರ ರೌಟರ್‌ಗೆ ಲ್ಯಾಪ್‌ಟಾಪ್ ವೈರ್ ಹಾಕಿ ಪಿಂಗ್ ಓಡಿಸಿ. ಅದು ಓಡುತ್ತಿರುವಾಗಲೇ ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿ. 10 ಇದ್ದದ್ದು 30 ಆದರೆ ಚಿಂತೆಯಿಲ್ಲ. 400, 500ಕ್ಕೆ ಹಾರಿದರೆ ಕ್ಯೂ ಕಟ್ಟಿಕೊಳ್ಳುತ್ತಿದೆ ಅಂತ ಅರ್ಥ. ಎಸ್‌ಕ್ಯೂಎಂ (ಈ ಕ್ಯೂ ಉದ್ದವಾಗದಂತೆ ನೋಡಿಕೊಳ್ಳುವ ಸೌಲಭ್ಯ) ಇರುವ ರೌಟರ್ ಹಾಕಿದರೆ ಇದು ಬಹಳಷ್ಟು ಸರಿಹೋಗುತ್ತದೆ, ಕಂಪನಿ ಬದಲಾಯಿಸಬೇಕಿಲ್ಲ.

"ಎಷ್ಟು ಮನೆಗೆ ಹಂಚಿದ್ದೀರಿ?" ಅಂತ ಕೇಳುವುದೂ ತಪ್ಪಲ್ಲ. ಜಿಪಾನ್‌ನಲ್ಲಿ ಒಂದು ಫೈಬರ್ ಮೇಲೆ ಡೌನ್‌ಲೋಡ್ ಕಡೆ ಸುಮಾರು 2.5 ಜಿಬಿಪಿಎಸ್, ಅಪ್‌ಲೋಡ್ ಕಡೆ ಸುಮಾರು 1.25. ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗೆ ಹಂಚುತ್ತಾರೆ. 64 ಮನೆಯವರೂ ಒಂದೇ ಕ್ಷಣ ಪೂರ್ತಿ ಎಳೆದರೆ ತಲೆಗೆ 39 ಎಂಬಿಪಿಎಸ್ ಬರುತ್ತದೆ. ಹಾಗೆ ಯಾವತ್ತೂ ಆಗುವುದಿಲ್ಲ, ಆದ್ದರಿಂದಲೇ ಈ ವ್ಯಾಪಾರ ನಡೆಯುತ್ತದೆ. ಎಕ್ಸ್‌ಜಿಎಸ್-ಪಾನ್ ಅನ್ನುವ ಹೊಸದರಲ್ಲಿ ಎರಡೂ ಕಡೆ 10 ಜಿಬಿಪಿಎಸ್ ಇದೆ. ನಿಮ್ಮ ಕಟ್ಟಡಕ್ಕೆ ಅದು ಬಂದಿದ್ದರೆ ಒಳ್ಳೆಯದು, ಬಂದಿಲ್ಲ ಅಂತ ಕಾಯಬೇಡಿ.

ಸಣ್ಣ ಅಕ್ಷರದವು

"ಅನ್‌ಲಿಮಿಟೆಡ್" ಪಕ್ಕ ಒಂದು ನಕ್ಷತ್ರ ಚಿಹ್ನೆ ಇದ್ದರೆ ಕೆಳಗೆ ಹೋಗಿ ಓದಿ. ಇಂತಿಷ್ಟು ಜಿಬಿ ದಾಟಿದ ಮೇಲೆ ಸ್ಪೀಡ್ ಇಳಿಸುತ್ತಾರೆ. ಎಷ್ಟಕ್ಕೆ ಇಳಿಸುತ್ತಾರೆ ಅನ್ನುವುದು ಮುಖ್ಯ. 4ಕೆ ವಿಡಿಯೊ ಗಂಟೆಗೆ 7 ಜಿಬಿ ಹತ್ತಿರ ತಿನ್ನುತ್ತದೆ. ದಿನಕ್ಕೆ ಮೂರು ಗಂಟೆ ನೋಡಿದರೆ ತಿಂಗಳಿಗೆ 600 ಜಿಬಿ ದಾಟಿತು. ಅದು ಒಂದು ಟಿವಿಯ ಲೆಕ್ಕ.

ದರದ ಲೆಕ್ಕವನ್ನು ತಿಂಗಳಿಗೆ ಹಾಕಬೇಡಿ, ಎರಡು ವರ್ಷಕ್ಕೆ ಹಾಕಿ. ಮೊದಲ 6 ತಿಂಗಳು ಅರ್ಧ ಬೆಲೆ ಅಂತ ಕುಣಿಯುವ ಪ್ಲಾನ್, 24 ತಿಂಗಳಿಗೆ ನೋಡಿದರೆ 21 ತಿಂಗಳ ಪೂರ್ತಿ ದುಡ್ಡು. ಅದರ ಮೇಲೆ ಹಾಕಿಸುವ ಖರ್ಚು, ಡಬ್ಬಿಯ ಬಾಡಿಗೆ ಅಥವಾ ಡಿಪಾಸಿಟ್, ನಡುವೆ ಬಿಟ್ಟರೆ ದಂಡ, ಮನೆ ಬದಲಾಯಿಸಿದರೆ ಶಿಫ್ಟಿಂಗ್ ಚಾರ್ಜ್. ಬಾಡಿಗೆ ಮನೆಯವರು ಕೊನೆಯ ಎರಡನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಫ್ರೀ ಅನ್ನುವುದಕ್ಕೆ ಮೊದಲ ಸಲವೇ ಬೀಳಬೇಡಿ. ಮೂರು ತಿಂಗಳು ನೋಡಿ, ಆಮೇಲೆ ಕಟ್ಟಿದರಾಯಿತು.

ಮನೆಯ ಕ್ಯಾಮೆರಾ ರೆಕಾರ್ಡರನ್ನೋ ಸ್ಟೋರೇಜ್ ಡಬ್ಬಿಯನ್ನೋ ಹೊರಗಿನಿಂದ ನೇರವಾಗಿ ತೆರೆಯಬೇಕಾದವರು ಮಾತ್ರ ಇದನ್ನು ಓದಿ. ಇಂಟರ್ನೆಟ್ಟಿನಲ್ಲಿ ಕನೆಕ್ಷನ್ ಗುರುತಿಸುವ ಹಳೆಯ ಮಾದರಿಯ ನಂಬರ್‌ಗಳಾದ ಐಪಿವಿ4 ವಿಳಾಸಗಳು ಸಾಲದೆ ಎಷ್ಟೋ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ರೌಟರ್ ಪೇಜಿನಲ್ಲಿ ನಿಮ್ಮ ವ್ಯಾನ್ ಐಪಿ (ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ) 100.64ರಿಂದ 100.127ರ ನಡುವೆ ಶುರುವಾದರೆ ನೀವು ಅದರೊಳಗಿದ್ದೀರಿ. 2012ರಲ್ಲಿ ಈ ಗುಂಪನ್ನು ಇದಕ್ಕೆಂದೇ ತೆಗೆದಿಟ್ಟರು. ಹೊರಗಿನಿಂದ ನೇರ ಒಳಗೆ ಬರಲಾಗುವುದಿಲ್ಲ. ವಿಳಾಸಗಳಿಗೆ ಕೊರತೆಯಿಲ್ಲದ ಹೊಸ ಮಾದರಿ ಐಪಿವಿ6 ಸರಿಯಾಗಿ ಕೊಡುವ ಕಂಪನಿಯಾದರೆ ಅರ್ಧ ತಲೆನೋವು ಕಡಿಮೆ. ಇಲ್ಲದಿದ್ದರೆ ನಿಮಗೊಬ್ಬರಿಗೇ ಸಿಗುವ ಪಬ್ಲಿಕ್ ಐಪಿಗೆ ಎಷ್ಟು ಅಂತ ಮೊದಲೇ ಕೇಳಿ.

ಡಬ್ಬಿ ಎಲ್ಲಿಡುವುದು?

ಕಂಪನಿ ಆರಿಸಲು ಎರಡು ವಾರ ತಲೆ ಕೆಡಿಸಿಕೊಂಡವರೂ ಇದನ್ನು ಎರಡು ನಿಮಿಷದಲ್ಲಿ ಹಾಳುಮಾಡುತ್ತಾರೆ. ಹಾಕಲು ಬಂದ ಹುಡುಗನಿಗೆ ಶಾಫ್ಟ್ ಹತ್ತಿರವೇ ಬೇಕು. ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲೆ ರೌಟರ್ ಇಟ್ಟು "ಇಲ್ಲಿ ಫುಲ್ ಸಿಗ್ನಲ್ ಸಾರ್" ಅನ್ನುತ್ತಾನೆ. ಒಪ್ಪಬೇಡಿ. ಇನ್ನು ಹತ್ತು ಮೀಟರ್ ಫೈಬರ್ ಎಳೆದು ಮನೆಯ ನಡುವಿಗೆ ತರಿಸಿ. ಅದಕ್ಕೆ ಒಂದಿಷ್ಟು ಹೆಚ್ಚು ಕೇಳಿದರೂ ಕೊಡಿ. ಮನೆಯಲ್ಲಿ ಹಲವು ಕಡೆ ಇಡುವ ಮೆಶ್ ರೌಟರ್ ಕೊಳ್ಳುವುದಕ್ಕಿಂತ ಅಗ್ಗ. ಮೂಲೆ ತಿರುಗಿಸುವಾಗ ಕೇಬಲ್ಲನ್ನು ಚೂಪಾಗಿ ಮಡಚದಂತೆ ನೋಡಿಕೊಳ್ಳಿ. ಬಿಗಿಯಾಗಿ ಬಾಗಿದ ಕಡೆ ಬೆಳಕು ಸೋರುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ನಿಂತು ವೈ-ಫೈ ಹುಡುಕಿದರೆ ಇಪ್ಪತ್ತು ಮನೆಯ ಹೆಸರು ಬರುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಇಪ್ಪತ್ತು ಮನೆ, ಮೂರು ಚಾನೆಲ್. ಲ್ಯಾಪ್‌ಟಾಪ್, ಟಿವಿ, ಫೋನ್ ಎಲ್ಲವನ್ನೂ 5 ಗಿಗಾಹರ್ಟ್ಸ್‌ಗೆ ಹಾಕಿ. ಕಂಪನಿ ಕೊಡುವ ಡಬ್ಬಿಯಲ್ಲಿ 5 ಗಿಗಾಹರ್ಟ್ಸ್ ಇದೆಯಾ, ಬೇಕೆಂದರೆ ಅದನ್ನು ಬ್ರಿಡ್ಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ನೆಟ್ಟನ್ನು ಹಾಗೇ ಮುಂದಕ್ಕೆ ದಾಟಿಸುವ ಸೆಟ್ಟಿಂಗ್) ಹಾಕಿ ನಿಮ್ಮ ಸ್ವಂತ ರೌಟರ್ ಬಳಸಲು ಬಿಡುತ್ತಾರಾ ಅಂತ ಕೇಳಿ. ಬಿಡದವರನ್ನು ನಾನು ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಡುತ್ತೇನೆ.

ಹುಡುಗ ಹೋಗುವ ಮುಂಚೆ

ಲ್ಯಾಪ್‌ಟಾಪಿಗೆ ವೈರ್ ಹಾಕಿ ಅವನ ಎದುರಿಗೇ ಸ್ಪೀಡ್ ಅಳೆಯಿರಿ, ವೈ-ಫೈನಲ್ಲಿ ಅಲ್ಲ. ಆಮೇಲೆ ಮೀಟರಿನಲ್ಲಿ ಬೆಳಕು ಎಷ್ಟಿದೆ ಅಂತ ತೋರಿಸಲು ಹೇಳಿ. ಡಿಬಿಎಂ ಅನ್ನುವ ಲೆಕ್ಕದಲ್ಲಿ ಒಂದು ಮೈನಸ್ ನಂಬರ್ ಬರುತ್ತದೆ. ಜಿಪಾನ್ ಡಬ್ಬಿಗಳಿಗೆ ಸಾಮಾನ್ಯವಾಗಿ −8ರಿಂದ −27ರ ನಡುವೆ ಇರಬೇಕು. −20ರ ಅಕ್ಕಪಕ್ಕ ಇದ್ದರೆ ನಿಶ್ಚಿಂತೆ. −26 ಇದ್ದರೆ ಇವತ್ತು ಓಡುತ್ತದೆ, ಆದರೆ ಅಂಚಿನಲ್ಲಿದೆ. ಕನೆಕ್ಟರ್ ಮತ್ತೆ ಒರೆಸಿ, ಜಾಯಿಂಟ್ ಮತ್ತೆ ಮಾಡಿ ಅಂತ ಅಲ್ಲೇ ಪಟ್ಟು ಹಿಡಿಯಿರಿ. ಅವನು ಒಮ್ಮೆ ಲಿಫ್ಟ್ ಹತ್ತಿದ ಮೇಲೆ ಅದು ಟಿಕೆಟ್ ನಂಬರ್ ಆಗುತ್ತದೆ. ಹಳೆಯ ಕನೆಕ್ಷನ್ ಇದ್ದರೆ ಎರಡು ವಾರ ಹಾಗೇ ಇರಲಿ.

ನನ್ನ ಒಎನ್‌ಟಿ ಹಿಂದೆ ಪೆನ್ನಿನಲ್ಲಿ −19.4 ಅಂತ ಬರೆದಿಟ್ಟಿದ್ದೇನೆ. ಕಳೆದ ತಿಂಗಳು ನೆಟ್ ನಿಂತು ನಿಂತು ಬರುತ್ತಿತ್ತು. ಡಬ್ಬಿಯ ಪೇಜ್ ತೆಗೆದರೆ −27. ಅಂದರೆ ಬೆಳಕು ಮೊದಲಿದ್ದದ್ದರ ಆರನೇ ಒಂದು ಪಾಲಿಗೆ ಇಳಿದಿತ್ತು. ಫೋನ್ ಮಾಡಿ, ಆ ಕಡೆಯವರು ರೌಟರ್ ರೀಸ್ಟಾರ್ಟ್ ಅನ್ನುವ ಮೊದಲೇ ಎರಡೂ ನಂಬರ್ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಹುಡುಗನ್ನ ಕಳಿಸ್ತೀವಿ" ಅಂದರು. ಮಧ್ಯಾಹ್ನದೊಳಗೆ ಬಂದ. ಶಾಫ್ಟಿನಲ್ಲಿ ನೀರಿನ ಪೈಪ್ ರಿಪೇರಿ ಮಾಡಿದವರು ನಮ್ಮ ಕೇಬಲ್ಲನ್ನು ಕ್ಲಾಂಪಿನೊಳಗೆ ಸೇರಿಸಿ ಬಿಗಿದುಬಿಟ್ಟಿದ್ದರು. ಸ್ಕ್ರೂ ಸಡಿಲ ಮಾಡಿ ಬಿಡಿಸಿದ, ಮೀಟರ್ ಹಿಡಿದ. −19.6.